ಮುಖಪುಟ ತೆರೆಯುತ್ತದೆ, ಬೇರೆ ಪುಟಗಳಿಗೆಲ್ಲ 404: ಲೋಕಲ್ ಸರ್ವರ್‌ನಲ್ಲಿ ಎಲ್ಲಿ ಹುಡುಕಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ವಿಂಡೋಸ್‌ನಲ್ಲಿ ಎಕ್ಸ್‌ಆಂಪ್ (ಅಪಾಚೆ ಎಂಬ ವೆಬ್ ಸರ್ವರ್, ಪಿಎಚ್‌ಪಿ ಎಲ್ಲ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿಕೊಂಡಿದ್ದೀರಿ. ಪಿಎಚ್‌ಪಿ ಪ್ರಾಜೆಕ್ಟ್ ಡಿ ಡ್ರೈವ್‌ನಲ್ಲಿದೆ, ಆದ್ದರಿಂದ ಡಾಕ್ಯುಮೆಂಟ್‌ರೂಟ್ (ಸರ್ವರ್ ಪುಟಗಳನ್ನು ಹುಡುಕುವ ಮೂಲ ಫೋಲ್ಡರ್) ಅನ್ನು ಅಲ್ಲಿಗೆ ಬದಲಿಸಿದಿರಿ. ಮೊದಲು ‘ಆಕ್ಸೆಸ್ ಫರ್ಬಿಡನ್!’ ಎಂದು 403 ಬಂತು. ಎಲ್ಲೋ ಓದಿ ‘ರಿಕ್ವೈರ್ ಆಲ್ ಗ್ರಾಂಟೆಡ್’ ಎಂಬ ಸಾಲು ಸೇರಿಸಿದಿರಿ, ಮುಖಪುಟ ತೆರೆಯಿತು. ಆದರೆ /ಕಾಂಟ್ಯಾಕ್ಟ್, /ಪ್ರಾಡಕ್ಟ್ಸ್ ಹೀಗೆ ಯಾವ ಕೊಂಡಿ ಒತ್ತಿದರೂ ‘ಆಬ್ಜೆಕ್ಟ್ ನಾಟ್ ಫೌಂಡ್! ಎರರ್ 404’. ಎಕ್ಸ್‌ಆಂಪ್ ತೆಗೆದು ಮತ್ತೆ ಹಾಕಿ, ಅದೇ ಬದಲಾವಣೆ ಮಾಡಿದರೂ ಅದೇ ಫಲಿತಾಂಶ.

ಮೊದಲಿಗೆ, ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದನ್ನು ನಿಲ್ಲಿಸಿ. 404 ಬರುತ್ತಿದೆ ಎಂದರೆ ಸರ್ವರ್ ಓಡುತ್ತಿದೆ, ನಿಮ್ಮ ಕೋರಿಕೆ ಅದಕ್ಕೆ ತಲುಪಿದೆ, ಅದು ಹುಡುಕಿ ‘ಇಲ್ಲ’ ಎಂದು ಉತ್ತರವನ್ನೂ ಕೊಟ್ಟಿದೆ. ಸರ್ವರ್ ನಿಂತಿದ್ದರೆ ಬ್ರೌಸರ್ ‘ಕನೆಕ್ಷನ್ ರಿಫ್ಯೂಸ್ಡ್’ ಎನ್ನುತ್ತಿತ್ತು, 404 ಬರುತ್ತಲೇ ಇರಲಿಲ್ಲ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ: ‘ಇಲ್ಲ’ ಎಂದವರು ಯಾರು? ಅವರು ಹುಡುಕಿದ್ದು ಯಾವ ಜಾಗದಲ್ಲಿ? ಈ ಎರಡಕ್ಕೆ ಉತ್ತರ ಸಿಗುವವರೆಗೆ ಕಾನ್ಫಿಗರೇಶನ್‌ನಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ.

ಯಾರು ಎಂಬುದು ಪುಟದ ಮುಖ ನೋಡಿದರೇ ಬಹುಪಾಲು ತಿಳಿಯುತ್ತದೆ. ‘ಆಬ್ಜೆಕ್ಟ್ ನಾಟ್ ಫೌಂಡ್!’ ಎಂಬುದು ಎಕ್ಸ್‌ಆಂಪ್ ಜೊತೆಗೆ ಬರುವ ಅಪಾಚೆಯ ಒಕ್ಕಣೆ. ‘404 ನಾಟ್ ಫೌಂಡ್’ ಕೆಳಗೆ ಒಂದು ಗೆರೆ, ಅದರ ಕೆಳಗೆ ಎಂಜಿನ್‌ಎಕ್ಸ್ (ಇನ್ನೊಂದು ವೆಬ್ ಸರ್ವರ್) ಎಂದಿದ್ದರೆ ಹೇಳಲೇಬೇಕಿಲ್ಲ. ‘ಕ್ಯಾನಾಟ್ ಗೆಟ್ /ಕಾಂಟ್ಯಾಕ್ಟ್’ ಎಂದು ಒಂದೇ ಸಾಲು ಬಂದರೆ ನೋಡ್‌ನ ಎಕ್ಸ್‌ಪ್ರೆಸ್ (ಜಾವಾಸ್ಕ್ರಿಪ್ಟ್‌ನ ಸರ್ವರ್ ಫ್ರೇಮ್‌ವರ್ಕ್). ‘ಎಚ್‌ಟಿಟಿಪಿ ಎರರ್ 404. ದಿ ರಿಕ್ವೆಸ್ಟೆಡ್ ರಿಸೋರ್ಸ್ ಈಸ್ ನಾಟ್ ಫೌಂಡ್’ ಎಂದು ಬಂದರೆ ಎಚ್ಚರಿಕೆ: ಅದು ವಿಂಡೋಸ್‌ನ ಒಳಗಿನ ಎಚ್‌ಟಿಟಿಪಿ ಸೇವೆಯ ಮಾತು, ನಿಮ್ಮ ಅಪಾಚೆಗೂ ಅದಕ್ಕೂ ಸಂಬಂಧವೇ ಇಲ್ಲ. ಪೋರ್ಟ್ 80 (ವೆಬ್ ಕೋರಿಕೆಗಳು ಬರುವ ಬಾಗಿಲು) ಅನ್ನು ಬೇರೊಬ್ಬರು ಹಿಡಿದು ಕೂತಿದ್ದಾರೆ ಎಂದರ್ಥ. ಅಂಥ ಹೊತ್ತಿನಲ್ಲಿ ಜನ ಅಪಾಚೆಯ ಫೈಲನ್ನು ಇಡೀ ಸಂಜೆ ತಿದ್ದುತ್ತಾ ಕೂರುತ್ತಾರೆ, ಉತ್ತರ ಕೊಡುತ್ತಿರುವವರೇ ಬೇರೆ!

ನಿಮ್ಮ ಪುಟದ ಒಕ್ಕಣೆ ಎಕ್ಸ್‌ಆಂಪ್‌ನದೇ. ಅಂದರೆ ಕೋರಿಕೆ ಅಪಾಚೆಯವರೆಗೆ ಬಂದಿದೆ, ನಿಮ್ಮ ಪಿಎಚ್‌ಪಿ ಕೋಡ್‌ವರೆಗೆ ಹೋಗಿಲ್ಲ. ಹೋಗಿದ್ದರೆ ನಿಮ್ಮ ಫ್ರೇಮ್‌ವರ್ಕ್‌ನ 404 ಪುಟ ಕಾಣಬೇಕಿತ್ತು. ರೌಟ್ ಫೈಲುಗಳನ್ನು ತಡಕಾಡಿದ್ದೇನೆ ಎಂದು ಬರೆದಿದ್ದೀರಿ, ಅದು ಬೇಕಿರಲಿಲ್ಲ.

ಇನ್ನು ಯಾವ ಜಾಗದಲ್ಲಿ ಹುಡುಕಿತು ಎಂಬುದು. ಇದನ್ನು ಊಹಿಸುವ ಅಗತ್ಯವಿಲ್ಲ, ಅಪಾಚೆಯ ಬಾಯಿಂದಲೇ ಹೇಳಿಸಬಹುದು. ಆದರೆ ಒಂದು ತೊಡಕಿದೆ. ಹಳೆಯ 2.2 ಆವೃತ್ತಿಯಲ್ಲಿ ‘ಫೈಲ್ ಡಸ್ ನಾಟ್ ಎಕ್ಸಿಸ್ಟ್’ ಎಂಬ ಸಾಲು ತಾನಾಗಿಯೇ ಎರರ್ ಲಾಗ್‌ಗೆ ಬೀಳುತ್ತಿತ್ತು. 2.4ರಲ್ಲಿ ಅದನ್ನು ‘ಇನ್ಫೋ’ ಮಟ್ಟಕ್ಕೆ ಇಳಿಸಿದ್ದಾರೆ, ಲಾಗ್‌ಲೆವೆಲ್ (ಎಷ್ಟು ಗಂಭೀರ ಸಂಗತಿಗಳಿಂದ ಲಾಗ್‌ಗೆ ಬರೆಯಬೇಕೆಂಬ ಸಾಲು) ಮಾತ್ರ ಸಾಮಾನ್ಯವಾಗಿ ‘ವಾರ್ನ್’ ಎಂದೇ ಇರುತ್ತದೆ. ಹೀಗಾಗಿ ಲಾಗ್ ತೆರೆದು ನೋಡಿದವರಿಗೆ ಏನೂ ಕಾಣದೆ, ‘ಲಾಗ್‌ನಲ್ಲೂ ಏನಿಲ್ಲ’ ಎಂದು ಕೈಚೆಲ್ಲುತ್ತಾರೆ. ಅಪಾಚೆಯ ಮುಖ್ಯ ಕಾನ್ಫಿಗರೇಶನ್ ಫೈಲಾದ ಎಚ್‌ಟಿಟಿಪಿಡಿ.ಕಾನ್ಫ್‌ನಲ್ಲಿ ಲಾಗ್‌ಲೆವೆಲ್ ಅನ್ನು ತಾತ್ಕಾಲಿಕವಾಗಿ ‘ಇನ್ಫೋ’ ಮಾಡಿ, ಅಪಾಚೆ ನಿಲ್ಲಿಸಿ ಶುರು ಮಾಡಿ, ಒಮ್ಮೆ /ಕಾಂಟ್ಯಾಕ್ಟ್ ತೆರೆಯಿರಿ. (ಒಂದಕ್ಷರವನ್ನೂ ಮುಟ್ಟಬೇಡಿ ಎಂದೆನಲ್ಲ, ಇದೊಂದಕ್ಕೆ ಮಾಫಿ.) ಆಮೇಲೆ ಎಕ್ಸ್‌ಆಂಪ್ ಫೋಲ್ಡರಿನ ಒಳಗೆ ಅಪಾಚೆ, ಅದರೊಳಗೆ ಲಾಗ್ಸ್, ಅಲ್ಲಿರುವ ಎರರ್.ಲಾಗ್‌ನ ಕೊನೆಯ ಸಾಲು ನೋಡಿ. ಸುಮಾರು ಹೀಗಿರುತ್ತದೆ:

ಎಎಚ್00128: ಫೈಲ್ ಡಸ್ ನಾಟ್ ಎಕ್ಸಿಸ್ಟ್: ಡಿ:/ವರ್ಕ್/ಶಾಪ್/ಕಾಂಟ್ಯಾಕ್ಟ್

ಈ ಒಂದು ಸಾಲಿನಲ್ಲಿ ಎಲ್ಲ ಇದೆ. ದಾರಿ ಡಿ:/ವರ್ಕ್/ಶಾಪ್ ಎಂದೇ ಶುರುವಾಗಿದ್ದರೆ ಡಾಕ್ಯುಮೆಂಟ್‌ರೂಟ್ ಸರಿ ಇದೆ. ಸಿ:/ಎಕ್ಸ್‌ಆಂಪ್/ಎಚ್‌ಟಿಡಾಕ್ಸ್ ಎಂದು ಶುರುವಾಗಿದ್ದರೆ ನೀವು ತಿದ್ದಿದ್ದು ಇನ್ನಾವುದೋ ಫೈಲು, ಅಥವಾ ತಿದ್ದಿದ ಮೇಲೆ ಅಪಾಚೆಯನ್ನು ಮತ್ತೆ ಶುರು ಮಾಡಿಲ್ಲ. ನಿಮ್ಮ ಮುಖಪುಟ ಸರಿಯಾಗಿಯೇ ಬರುತ್ತಿರುವುದರಿಂದ ಮೊದಲನೆಯದೇ ಇರುತ್ತದೆ. ಆಗ ಅಪಾಚೆ ‘ಕಾಂಟ್ಯಾಕ್ಟ್’ ಎಂಬ ನಿಜವಾದ ಫೈಲನ್ನೋ ಫೋಲ್ಡರನ್ನೋ ಹುಡುಕುತ್ತಿದೆ. ಅಂಥದ್ದು ನಿಮ್ಮ ಪ್ರಾಜೆಕ್ಟ್‌ನಲ್ಲಿ ಇಲ್ಲವೇ ಇಲ್ಲ! ಇರುವುದು ಇಂಡೆಕ್ಸ್.ಪಿಎಚ್‌ಪಿ ಒಂದೇ. ಬಂದ ವಿಳಾಸವನ್ನೆಲ್ಲ ಅದರ ಕೈಗೆ ಕೊಡಿ ಎಂದು ಹೇಳುವುದು ಡಾಟ್ ಎಚ್‌ಟಿಆಕ್ಸೆಸ್ ಫೈಲು. ಆ ಫೈಲನ್ನು ಅಪಾಚೆ ಓದುತ್ತಿಲ್ಲ.

ಮುಖಪುಟ ಮಾತ್ರ ಯಾಕೆ ಬರುತ್ತದೆ ಎಂದರೆ, ಅದಕ್ಕೆ ಈ ಫೈಲೇ ಬೇಕಿಲ್ಲ. ಬರೀ / ಎಂದು ಕೇಳಿದಾಗ ಡೈರೆಕ್ಟರಿಇಂಡೆಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಇಂಡೆಕ್ಸ್.ಪಿಎಚ್‌ಪಿಯನ್ನು ತಾನೇ ಎತ್ತಿಕೊಡುತ್ತದೆ. ‘ಮುಖಪುಟ ಬರುತ್ತದೆ, ಉಳಿದದ್ದಿಲ್ಲ’ ಎಂದು ಯಾರಾದರೂ ಹೇಳಿದ ಕೂಡಲೇ ನನ್ನ ಅನುಮಾನ ಈ ಫೈಲಿನ ಮೇಲೇ ಹೋಗುತ್ತದೆ, ಸಾಮಾನ್ಯವಾಗಿ ತಪ್ಪುವುದಿಲ್ಲ.

ಅನುಮಾನವನ್ನು ಖಚಿತ ಮಾಡಿಕೊಳ್ಳಲು ಎರಡು ಪರೀಕ್ಷೆಗಳಿವೆ, ಎರಡೂ ಅರೆನಿಮಿಷದವು. ಒಂದು, ಲೋಕಲ್‌ಹೋಸ್ಟ್/ಇಂಡೆಕ್ಸ್.ಪಿಎಚ್‌ಪಿ/ಕಾಂಟ್ಯಾಕ್ಟ್ ಎಂದು ಪೂರ್ತಿ ಟೈಪ್ ಮಾಡಿ ನೋಡಿ. ಹಾಗೆ ಕೊಟ್ಟಾಗ ಪುಟ ಬಂದರೆ ನಿಮ್ಮ ಕೋಡ್‌ನಲ್ಲಿ ದೋಷವಿಲ್ಲ, ದಾರಿ ತಿರುಗಿಸುವ ಕೆಲಸ ಮಾತ್ರ ಆಗುತ್ತಿಲ್ಲ. ಎರಡನೆಯದು ನನಗೆ ಹೆಚ್ಚು ಇಷ್ಟ: ಡಾಟ್ ಎಚ್‌ಟಿಆಕ್ಸೆಸ್ ಫೈಲಿನ ಮೊದಲ ಸಾಲಿನಲ್ಲಿ ಬಾಯಿಗೆ ಬಂದಂತೆ ಏನಾದರೂ ಬರೆದು ಸೇವ್ ಮಾಡಿ, ಪುಟವನ್ನು ರಿಫ್ರೆಶ್ ಮಾಡಿ. ಅಪಾಚೆ ಅದನ್ನು ಓದುತ್ತಿದ್ದರೆ ಅರ್ಥವಾಗದೆ 500 (ಸರ್ವರ್‌ನ ಒಳದೋಷ) ಎಸೆಯುತ್ತದೆ. ಏನೂ ಬದಲಾಗದೆ ಅದೇ 404 ಬಂದರೆ, ಆ ಫೈಲನ್ನು ಅದು ತೆರೆದೂ ನೋಡುತ್ತಿಲ್ಲ. ಇಲ್ಲಿ 500 ಬಂದರೆ ಖುಷಿಪಡಬೇಕು. (ಆ ಸಾಲನ್ನು ಆಮೇಲೆ ಅಳಿಸಲು ಮರೆಯಬೇಡಿ.)

ಓದದಿರಲು ಕಾರಣ ನೀವೇ ಬರೆದ ಪ್ರಶ್ನೆಯಲ್ಲಿದೆ. ಎಕ್ಸ್‌ಆಂಪ್‌ನ ಎಚ್‌ಟಿಟಿಪಿಡಿ.ಕಾನ್ಫ್‌ನಲ್ಲಿ ಮೇಲ್ಗಡೆ ಡಿಸ್ಕ್ ಪೂರ್ತಿಗೆ ಅನ್ವಯಿಸುವ ಒಂದು ಡೈರೆಕ್ಟರಿ ಬ್ಲಾಕ್ ಇರುತ್ತದೆ: ಯಾರಿಗೂ ಪ್ರವೇಶವಿಲ್ಲ, ಎಚ್‌ಟಿಆಕ್ಸೆಸ್‌ಗೂ ಬೆಲೆಯಿಲ್ಲ. ಅದರ ಕೆಳಗೆ ಎಚ್‌ಟಿಡಾಕ್ಸ್ ಫೋಲ್ಡರಿಗೆ ಮಾತ್ರ ಎರಡನ್ನೂ ಸಡಿಲಿಸುವ ಇನ್ನೊಂದು ಬ್ಲಾಕ್. ನೀವು ಡಾಕ್ಯುಮೆಂಟ್‌ರೂಟ್ ಬದಲಿಸಿದಾಗ ಆ ಎರಡನೆಯ ಬ್ಲಾಕ್ ಎಚ್‌ಟಿಡಾಕ್ಸ್ ಹೆಸರಿನಲ್ಲೇ ಉಳಿಯಿತು, ನಿಮ್ಮ ಹೊಸ ಫೋಲ್ಡರ್ ಮೊದಲನೆಯ ಬ್ಲಾಕಿನ ಕೈಗೆ ಸಿಕ್ಕಿತು. ಅದಕ್ಕೇ 403. ಆಮೇಲೆ ಹೊಸ ಬ್ಲಾಕ್ ಬರೆದು ಪ್ರವೇಶದ ಸಾಲು ಸೇರಿಸಿದಿರಿ, ಅಲ್ಲಿಗೆ ಅರ್ಧ ಬೀಗ ತೆರೆಯಿತು. ಎಚ್‌ಟಿಆಕ್ಸೆಸ್ ಓದಲು ಅನುಮತಿ ಕೊಡುವ ಅಲೌಓವರ್‌ರೈಡ್ ಎಂಬ ಇನ್ನೊಂದು ಸಾಲು ಬರೆಯಲೇ ಇಲ್ಲ. ಮೇಲಿನ ಬ್ಲಾಕಿನ ‘ನನ್’ ಹಾಗೇ ಮುಂದುವರಿಯುತ್ತಿದೆ. ಇದು ಹೀಗಾಗಬೇಕು (ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ):

<ಡೈರೆಕ್ಟರಿ "ಡಿ:/ವರ್ಕ್/ಶಾಪ್">
ಅಲೌಓವರ್‌ರೈಡ್ ಆಲ್
ರಿಕ್ವೈರ್ ಆಲ್ ಗ್ರಾಂಟೆಡ್
</ಡೈರೆಕ್ಟರಿ>

ವಿಂಡೋಸ್ ಆದರೂ ಇಲ್ಲಿ ಹಾಕುವುದು ಮುಂದಕ್ಕೆ ಬಾಗಿದ ಗೆರೆಯೇ. ಬರೆದ ಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಕ್ಸ್‌ಆಂಪ್‌ನ ಅಪಾಚೆ/ಬಿನ್ ಫೋಲ್ಡರಿಗೆ ಹೋಗಿ ಎಚ್‌ಟಿಟಿಪಿಡಿ ಮುಂದೆ -ಟಿ, ಚಿಕ್ಕಕ್ಷರದ ಟಿ, ಕೊಟ್ಟು ಓಡಿಸಿ; ‘ಸಿಂಟ್ಯಾಕ್ಸ್ ಓಕೆ’ ಬಂದರೆ ಮಾತ್ರ ಅಪಾಚೆ ಮತ್ತೆ ಶುರು ಮಾಡಿ. ಮುಖ್ಯ ಕಾನ್ಫಿಗರೇಶನ್ ಓದುವುದು ಶುರುವಾಗುವಾಗ ಮಾತ್ರ. ಎಚ್‌ಟಿಆಕ್ಸೆಸ್ ಹಾಗಲ್ಲ, ಅದನ್ನು ಪ್ರತಿ ಕೋರಿಕೆಗೂ ಹೊಸದಾಗಿ ಓದುತ್ತದೆ.

ನಿಜ ಹೇಳಬೇಕೆಂದರೆ, ಸ್ವಂತ ಯಂತ್ರದಲ್ಲಿ ಮುಖ್ಯ ಕಾನ್ಫಿಗರೇಶನ್ ನಿಮ್ಮ ಕೈಯಲ್ಲೇ ಇರುವಾಗ ಎಚ್‌ಟಿಆಕ್ಸೆಸ್‌ನ ಸಹವಾಸವೇ ಬೇಕಿಲ್ಲ. ಅದೇ ಡೈರೆಕ್ಟರಿ ಬ್ಲಾಕಿನೊಳಗೆ ‘ಫಾಲ್‌ಬ್ಯಾಕ್‌ರಿಸೋರ್ಸ್ /ಇಂಡೆಕ್ಸ್.ಪಿಎಚ್‌ಪಿ’ ಎಂದು ಒಂದು ಸಾಲು ಹಾಕಿದರೆ, ಸಿಗದ ವಿಳಾಸಗಳೆಲ್ಲ ಇಂಡೆಕ್ಸ್.ಪಿಎಚ್‌ಪಿಗೆ ಹೋಗುತ್ತವೆ. ವಿಳಾಸ ತಿರುಗಿಸುವ ರೀರೈಟ್ ಮಾಡ್ಯೂಲ್ ಕೂಡ ಬೇಡ. ಆದರೆ ಮುಂದೆ ಶೇರ್ಡ್ ಹೋಸ್ಟಿಂಗ್‌ಗೆ ಹಾಕುವ ಯೋಚನೆ ಇದ್ದರೆ ಅಲ್ಲಿ ಮುಖ್ಯ ಕಾನ್ಫಿಗರೇಶನ್ ನಿಮಗೆ ಸಿಗುವುದಿಲ್ಲ. ಆಗ ಎಚ್‌ಟಿಆಕ್ಸೆಸ್ ದಾರಿಯಲ್ಲೇ ಅಭ್ಯಾಸ ಮಾಡಿಕೊಳ್ಳುವುದು ಲೇಸು.

ಕಸ ಬರೆದಾಗ 500 ಬಂತು, ಕಸ ತೆಗೆದರೆ ಮತ್ತೆ 404 ಎಂದಾದರೆ ಫೈಲನ್ನು ಓದುತ್ತಿದೆ, ಒಳಗಿನ ನಿಯಮ ತಪ್ಪಿದೆ. ಅಲ್ಲಿ ಹೆಚ್ಚಾಗಿ ಎಡವುವುದು ಒಂದು ಗೆರೆಯಲ್ಲಿ. ಎಚ್‌ಟಿಆಕ್ಸೆಸ್‌ನಲ್ಲಿ ರೀರೈಟ್‌ರೂಲ್ ಹೋಲಿಸಿ ನೋಡುವಾಗ ವಿಳಾಸದ ಆರಂಭದ / ಅನ್ನು ಅಪಾಚೆ ಕಿತ್ತುಹಾಕಿರುತ್ತದೆ. ^/ಕಾಂಟ್ಯಾಕ್ಟ್ ಎಂದು ಬರೆದರೆ ಯಾವತ್ತೂ ಹೊಂದುವುದಿಲ್ಲ, ^ಕಾಂಟ್ಯಾಕ್ಟ್ ಎಂದಿರಬೇಕು. ವರ್ಚುವಲ್ ಹೋಸ್ಟ್ (ಒಂದು ಹೆಸರಿಗೆ ಒಂದು ಸೈಟ್ ಕಟ್ಟುವ ಬ್ಲಾಕ್) ಒಳಗೆ ನೇರವಾಗಿ ಬರೆದರೆ ಇದಕ್ಕೆ ತದ್ವಿರುದ್ಧ, ಅಲ್ಲಿ / ಇರಬೇಕು. ಒಂದು ಕಡೆಯಿಂದ ನಕಲು ಮಾಡಿ ಇನ್ನೊಂದು ಕಡೆ ಅಂಟಿಸಿದಾಗ ನಿಯಮ ಕೆಲಸ ಮಾಡದಿರುವುದು ಇದರಿಂದಲೇ.

ಕಸ ಬರೆದರೂ 500 ಬರದೆ, ಅಲೌಓವರ್‌ರೈಡ್ ಕೂಡ ಸರಿ ಇದ್ದರೆ ಫೈಲಿನ ಹೆಸರು ನೋಡಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದ ಡಾಟ್ ಎಚ್‌ಟಿಆಕ್ಸೆಸ್ ಕೊನೆಗೆ ಗುಟ್ಟಾಗಿ .ಟಿಎಕ್ಸ್‌ಟಿ ಅಂಟಿಸಿಕೊಂಡಿರಬಹುದು. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಗುರುತು ಹಾಕಿದರೆ ಬಯಲಾಗುತ್ತದೆ. ವಿಂಡೋಸ್ ಈ ಬಾಲವನ್ನು ಯಾಕೆ ತಾನಾಗಿ ಮುಚ್ಚಿಡುತ್ತದೋ, ನನಗಂತೂ ಇಂದಿಗೂ ಸರಿ ಕಾಣುವುದಿಲ್ಲ.

ಪುಟ ಬಂದು ಚಿತ್ರ, ಸಿಎಸ್‌ಎಸ್ ಮಾತ್ರ 404 ಆಗುವುದು ಬೇರೆಯೇ ಸಂಗತಿ. ಪ್ರಾಜೆಕ್ಟ್ ಲೋಕಲ್‌ಹೋಸ್ಟ್/ಶಾಪ್ ಎಂಬ ಉಪಫೋಲ್ಡರಿನಲ್ಲಿದ್ದು ಕೊಂಡಿ /ಸಿಎಸ್‌ಎಸ್/ಸ್ಟೈಲ್.ಸಿಎಸ್‌ಎಸ್ ಎಂದಿದ್ದರೆ ಬ್ರೌಸರ್ ಅದನ್ನು ಸೈಟಿನ ಬುಡದಿಂದ ಕೇಳುತ್ತದೆ, ಶಾಪ್ ಒಳಗಲ್ಲ. ಪ್ರತಿ ಪ್ರಾಜೆಕ್ಟ್‌ಗೆ ಒಂದೊಂದು ವರ್ಚುವಲ್ ಹೋಸ್ಟ್ ಮಾಡಿಕೊಂಡರೆ ಈ ಕಾಟ ಇಲ್ಲ. ಹಾಗೆ ಮಾಡುವಾಗ ತಿಳಿದಿರಲಿ: ಮೊದಲ ವರ್ಚುವಲ್ ಹೋಸ್ಟ್ ಬರೆದ ಕ್ಷಣದಿಂದ, ಹೆಸರು ಹೊಂದದ ಕೋರಿಕೆಗಳೆಲ್ಲ ಆ ಮೊದಲನೆಯದಕ್ಕೇ ಹೋಗುತ್ತವೆ, ಲೋಕಲ್‌ಹೋಸ್ಟ್ ಸಹ. ‘ಹೊಸ ಸೈಟ್ ಬಂತು, ಪಿಎಚ್‌ಪಿಮೈಅಡ್ಮಿನ್ ಬಿಟ್ಟು ಹಳೆಯದೆಲ್ಲ 404’ ಎನ್ನುವ ದೂರಿನ ಮೂಲ ಇದು. ಲೋಕಲ್‌ಹೋಸ್ಟ್‌ಗೂ ಒಂದು ಬ್ಲಾಕ್ ಬರೆದು ಮೇಲೆ ಇಡಿ. ಎಚ್‌ಟಿಟಿಪಿಡಿ ಮುಂದೆ -ಎಸ್, ದೊಡ್ಡಕ್ಷರದ ಎಸ್, ಕೊಟ್ಟರೆ ಯಾವ ಹೆಸರು ಯಾವ ಫೈಲಿನ ಎಷ್ಟನೇ ಸಾಲಿಗೆ ಹೋಗುತ್ತದೆ ಎಂದು ಪಟ್ಟಿ ಕೊಡುತ್ತದೆ. ಹೋಸ್ಟ್ಸ್ ಫೈಲಿನಲ್ಲಿ ಹೆಸರನ್ನು 127.0.0.1ಕ್ಕೆ (ನಿಮ್ಮದೇ ಯಂತ್ರದ ವಿಳಾಸ) ಕಟ್ಟುವುದು ಬೇಕೇ ಬೇಕು, ಆದರೆ ಅದಕ್ಕೆ ಫೋಲ್ಡರ್, ಪೋರ್ಟ್ ಏನೂ ಗೊತ್ತಿಲ್ಲ.

ಇದೇ ಪ್ರಾಜೆಕ್ಟ್ ಅನ್ನು ಉಬುಂಟುಗೆ ಒಯ್ದರೆ ಅಲ್ಲೂ ಅಲೌಓವರ್‌ರೈಡ್ ‘ನನ್’ ಎಂದೇ ಇರುತ್ತದೆ, ಜೊತೆಗೆ ರೀರೈಟ್ ಮಾಡ್ಯೂಲನ್ನು ಎ2ಎನ್‌ಮಾಡ್ ಕಮಾಂಡಿನಿಂದ ಚಾಲೂ ಮಾಡಬೇಕಾಗುತ್ತದೆ. ದೊಡ್ಡಕ್ಷರ ಚಿಕ್ಕಕ್ಷರದ ಭೇದವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ವಿಂಡೋಸ್‌ನಲ್ಲಿ ನಡೆದ ಲೋಗೋ.ಪಿಎನ್‌ಜಿ ಅಲ್ಲಿ 404 ಆಗಬಹುದು. ಎಂಜಿನ್‌ಎಕ್ಸ್ ಆದರೆ ಎಚ್‌ಟಿಆಕ್ಸೆಸ್ ಅನ್ನು ಎಂದೂ ಓದುವುದಿಲ್ಲ, ಅದರ ಕೆಲಸವನ್ನು ಟ್ರೈ_ಫೈಲ್ಸ್ ಸಾಲು ಮಾಡುತ್ತದೆ.

ಕೊನೆಗೊಂದು ಕಿರಿಕಿರಿ: ಎಲ್ಲ ಸರಿ ಮಾಡಿದ ಮೇಲೂ ಬ್ರೌಸರ್ ಹಳೆಯ ಉತ್ತರವನ್ನೇ ತೋರಿಸಬಹುದು, ಮುಖ್ಯವಾಗಿ ನಡುವೆ ಎಲ್ಲಾದರೂ 301 ರೀಡೈರೆಕ್ಟ್ (ಶಾಶ್ವತವಾಗಿ ಬೇರೆ ವಿಳಾಸಕ್ಕೆ ಕಳಿಸುವುದು) ಪ್ರಯೋಗ ಮಾಡಿದ್ದರೆ. ಹಾಗಾಗಿ ಪರೀಕ್ಷೆಗೆ ಬ್ರೌಸರ್ ಬದಲು ಕರ್ಲ್ (ಕಮಾಂಡ್ ಪ್ರಾಂಪ್ಟ್‌ನಿಂದಲೇ ಪುಟ ಕೇಳುವ ಸಾಧನ) ಬಳಸಿ. 2018ರ ನಂತರದ ವಿಂಡೋಸ್ 10ರಲ್ಲಿ ಅದು ಒಳಗೇ ಬರುತ್ತದೆ. ಕರ್ಲ್ ಮುಂದೆ -ಐ, ದೊಡ್ಡಕ್ಷರದ ಐ, ಆಮೇಲೆ ವಿಳಾಸ. ಮೊದಲ ಸಾಲಿನಲ್ಲಿ 200 ಅಥವಾ 404 ಕಾಣುತ್ತದೆ, ಕೆಳಗೆ ‘ಸರ್ವರ್’ ಎಂಬ ಸಾಲಿನಲ್ಲಿ ಉತ್ತರ ಕೊಟ್ಟವರ ಹೆಸರು. ಪವರ್‌ಶೆಲ್‌ನಲ್ಲಾದರೆ ಕರ್ಲ್.ಇಎಕ್ಸ್‌ಇ ಎಂದು ಪೂರ್ತಿ ಬರೆಯಿರಿ, ಬರೀ ಕರ್ಲ್ ಎಂದರೆ ಹಳೆಯ ಪವರ್‌ಶೆಲ್ ಬೇರೊಂದು ಕಮಾಂಡನ್ನು ಓಡಿಸುತ್ತದೆ.

ಮೊದಲು ಅಲೌಓವರ್‌ರೈಡ್ ಸಾಲು ಹಾಕಿ ನೋಡಿ. ಆಗಲೂ 404 ಬಂದರೆ ನಿಮ್ಮ ಡೈರೆಕ್ಟರಿ ಬ್ಲಾಕ್, ಎಚ್‌ಟಿಆಕ್ಸೆಸ್ ಫೈಲಿನ ಪೂರ್ತಿ ಪಠ್ಯ, ಎಎಚ್00128 ಇರುವ ಆ ಒಂದು ಲಾಗ್ ಸಾಲು, ಇಷ್ಟನ್ನು ಪ್ರಶ್ನೆಗೆ ಸೇರಿಸಿ. ಸ್ಕ್ರೀನ್‌ಶಾಟ್ ಬೇಡ, ಪಠ್ಯವಾಗಿಯೇ ಅಂಟಿಸಿ. ನಕಲು ಮಾಡಿ ಇಲ್ಲಿ ಓಡಿಸಿ ನೋಡುತ್ತೇನೆ. ಲಾಗ್‌ಲೆವೆಲ್ ಅನ್ನು ಮತ್ತೆ ‘ವಾರ್ನ್’ಗೆ ತಂದಿಡಿ, ಇಲ್ಲದಿದ್ದರೆ ಫೈಲು ಬೆಳೆಯುತ್ತಲೇ ಹೋಗುತ್ತದೆ.