ಹುಡುಗ ಹೆದರಿರಲಿಲ್ಲ, ಲೆಕ್ಕ ಹಾಕಿದ್ದ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ನನ್ನ ಬಳಿ ಸಲಹೆಗೆ ಬಂದವರು ಮೂವರು: ಹುಡುಗ, ಅವನ ತಾಯಿ, ತಾಯಿಯ ಅಣ್ಣ. ಮಾತಾಡಿದವರು ಮಾವ ಒಬ್ಬರೇ. ಹುಡುಗ ಎರಡು ಸಲ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆದು ಅರ್ಹತೆ ಪಡೆದಿದ್ದ, ಆದರೆ ಸರ್ಕಾರಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಅವರ ಕೈಗೆಟುಕುವಂಥದ್ದಲ್ಲ. ಹಾಗಾಗಿ ಏಜೆಂಟೊಬ್ಬರ ಮೂಲಕ ಮಧ್ಯ ಏಷ್ಯಾದ ಒಂದು ದೇಶದಲ್ಲಿ ಸೀಟು ಗೊತ್ತುಮಾಡಿ ಮುಂಗಡವನ್ನೂ ಕಟ್ಟಿದ್ದರು. ಕಟ್ಟಿದವರು ಮಾವ. ಬ್ಯಾಂಕ್ ಸಾಲಕ್ಕೆ ಜಾಮೀನು ನಿಲ್ಲುವವರೂ ಅವರೇ. ಅಂದಮೇಲೆ ಆ ಮನೆಯಲ್ಲಿ ಅವರಿಗೆ ಎದುರಾಡುವವರು ಯಾರು?

“ಕಾಲೇಜಿನ ವಿಷಯ ಎಲ್ಲ ಮುಗಿದಿದೆ ಮೇಡಂ. ಇವನಿಗೆ ಸ್ವಲ್ಪ ಧೈರ್ಯ ಹೇಳಿ, ಸಾಕು. ಹೊರಡೋ ದಿನ ಹತ್ತಿರ ಬಂದ ಹಾಗೆ ಊಟ ನಿದ್ದೆ ಬಿಟ್ಟಿದ್ದಾನೆ” ಎಂದರು.

ನಾನೂ ಅದನ್ನೇ ನಂಬಿದೆ. ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ಮನೆ ಬಿಟ್ಟು ಹೋಗುವ ಸಂಕಟ, ಗೊತ್ತಿಲ್ಲದ ಜಾಗದ ಭಯ, ಇವುಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಅವನು ಮರ್ಯಾದೆಗೆ ತಲೆಯಾಡಿಸುತ್ತಾ ಕೂತಿದ್ದ. ಎದ್ದು ಹೋಗುವಾಗ ಚೀಲದಿಂದ ಮಡಿಚಿದ ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟ. ರಾಷ್ಟ್ರೀಯ ವೈದ್ಯಕೀಯ ಆಯೋಗ, ಎಲ್ಲರ ಬಾಯಲ್ಲಿ ಎನ್‌ಎಂಸಿ, 2021ರ ನವೆಂಬರ್ 18ರಂದು ಹೊರಡಿಸಿದ ನಿಯಮಗಳ ಪ್ರತಿ ಅದು. ವಿದೇಶದಲ್ಲಿ ಓದಿ ಬಂದವರಿಗೆ ಭಾರತದಲ್ಲಿ ಪರವಾನಗಿ ಕೊಡುವುದು ಈ ನಿಯಮಗಳ ಪ್ರಕಾರ. ‘54 ತಿಂಗಳು’ ಎಂಬಲ್ಲಿ ಪೆನ್ನಿನಿಂದ ಎರಡು ಸುತ್ತು ಹಾಕಿದ್ದ. ಪಕ್ಕದಲ್ಲಿ ಕಾಲೇಜಿನ ಕರಪತ್ರ: ‘ಇಂಟರ್ನ್‌ಶಿಪ್ ಸೇರಿ ಐದೇ ವರ್ಷ’.

ಐದು ವರ್ಷವೆಂದರೆ 60 ತಿಂಗಳು. ಇಂಟರ್ನ್‌ಶಿಪ್‌ನ 12 ಕಳೆದರೆ ಓದಿಗೆ ಉಳಿಯುವುದು 48. ನಿಯಮ ಕೇಳುವುದು ಕನಿಷ್ಠ 54 ತಿಂಗಳ ಓದು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಆರು ತಿಂಗಳು ಕಡಿಮೆ. ಪದವಿ ಸಿಗುತ್ತದೆ, ಘಟಿಕೋತ್ಸವದ ಫೋಟೋವೂ ಸಿಗುತ್ತದೆ, ಇಲ್ಲಿ ನೋಂದಣಿಗೆ ಹೋದಾಗ ಬಾಗಿಲು ಮುಚ್ಚಿರುತ್ತದೆ.

“ಅಮ್ಮನಿಗೆ ಹೇಳಿದ್ದೀಯಾ?”

“ಹೇಳಿದ್ರೆ ಅವಳು ಮಾವನಿಗೆ ಹೇಳ್ತಾಳೆ. ಕಟ್ಟಿರೋ ದುಡ್ಡು ಹೋಗುತ್ತೆ ಮೇಡಂ. ನಾನು ಹೋಗಲ್ಲ ಅನ್ನೋಕೆ ನೆಪ ಹುಡುಕ್ತಿದ್ದೀನಿ ಅಂದ್ಕೋತಾರೆ.”

ನಿದ್ದೆ ಕೆಟ್ಟಿದ್ದು ಪುಕ್ಕಲುತನದಿಂದಲ್ಲ. ಆ ಮನೆಯಲ್ಲಿ ನಿಯಮವನ್ನು ಓದಿದವನು ಅವನೊಬ್ಬನೇ, ಓದಿದ್ದನ್ನು ಹೇಳಲಾಗದೆ ಒದ್ದಾಡುತ್ತಿದ್ದ. ಮುಕ್ಕಾಲು ಗಂಟೆ ನಾನು ಬೇರೆಯೇ ಗಾಯಕ್ಕೆ ಮುಲಾಮು ಹಚ್ಚುತ್ತಿದ್ದೆ.

ಮಾವನಿಗೆ ನಾನೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹುಡುಗನ ಮಾತಿಗೆ ಮನೆಯಲ್ಲಿ ತೂಕ ಬರಬೇಕಾದರೆ ಅವನ ಕೈಯಲ್ಲಿ ಬರಹದ ಉತ್ತರವೇ ಇರಬೇಕು. ಏಜೆಂಟನ್ನು ಬಿಟ್ಟು ವಿಶ್ವವಿದ್ಯಾಲಯದ ಅಧಿಕೃತ ವಿಳಾಸಕ್ಕೆ ನೇರವಾಗಿ ಮಿಂಚಂಚೆ ಬರೆಯಲು ಹೇಳಿದೆ. ಕೇಳಬೇಕಾದದ್ದು ನಾಲ್ಕೇ: ಇಂಟರ್ನ್‌ಶಿಪ್ ಬಿಟ್ಟು ಓದು ಎಷ್ಟು ತಿಂಗಳು, ಕೊನೆಯ ವರ್ಷದವರೆಗೂ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆಯೇ, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಈ ಪದವಿಯಿಂದ ಆ ದೇಶದ ಪ್ರಜೆಗೆ ಸಿಗುವ ವೈದ್ಯ ಪರವಾನಗಿಯೇ ನನಗೂ ಸಿಗುತ್ತದೆಯೇ.

ನಾಲ್ಕನೆಯದನ್ನು ಕೇಳುವವರು ತೀರಾ ಕಡಿಮೆ. ಓದಿದ ದೇಶದಲ್ಲಿ ವೈದ್ಯನಾಗಿ ಕೆಲಸ ಮಾಡಲು ಅಲ್ಲಿನವರಿಗೆ ಸಮನಾದ ಪರವಾನಗಿ ಸಿಗುವಂತಿರಬೇಕು ಎಂದು ನಮ್ಮ ನಿಯಮ ಹೇಳುತ್ತದೆ. ಹೊರದೇಶದ ಮಕ್ಕಳಿಗೆಂದೇ ಬೇರೆ ಕೋರ್ಸ್ ಕಟ್ಟಿ, ಸ್ಥಳೀಯರಿಗೆ ಕೊಡದ ಪದವಿಯನ್ನು ಕೊಡುವ ಕಡೆ ಈ ಷರತ್ತೇ ಕಾಲಿಗೆ ತೊಡರುತ್ತದೆ. ಎರಡನೆಯ ಪ್ರಶ್ನೆಯೂ ಹಗುರವಲ್ಲ. ಮೊದಲ ಕೆಲವು ವರ್ಷ ಇಂಗ್ಲಿಷ್, ಆಮೇಲೆ ಸ್ಥಳೀಯ ಭಾಷೆ ಎಂಬ ಏರ್ಪಾಡು ಕೆಲವು ಕಡೆ ಇದೆ, ನಿಯಮಕ್ಕೆ ಅದು ಒಪ್ಪಿತವಲ್ಲ.

ಹನ್ನೊಂದನೇ ದಿನ ಉತ್ತರ ಬಂತು. ಬಂದದ್ದು ವಿಶ್ವವಿದ್ಯಾಲಯದಿಂದಲ್ಲ. ಏಜೆಂಟ್ ಮಾವನಿಗೆ ಫೋನ್ ಮಾಡಿ, “ನಿಮ್ಮ ಹುಡುಗ ಕಾಲೇಜಿಗೆ ಏನೇನೋ ಬರೆದಿದ್ದಾನಂತೆ, ಸೀಟು ಹೋದರೆ ನನ್ನನ್ನು ಕೇಳಬೇಡಿ” ಎಂದಿದ್ದರು. ಹುಡುಗ ಬರೆದ ಪತ್ರ ಏಜೆಂಟ್ ಕೈಗೆ ಹೇಗೆ ಹೋಯಿತು ಎಂದು ಮಾವ ನನ್ನನ್ನು ಕೇಳಿದರು. ಆ ಪ್ರಶ್ನೆಯನ್ನು ಅವರಾಗಿಯೇ ಕೇಳಿದ್ದರಿಂದ ನನ್ನ ಕೆಲಸ ಅರ್ಧ ಮುಗಿದಂತಾಯಿತು.

ಮುಂದಿನ ಭೇಟಿಯಲ್ಲಿ ಹುಡುಗನೇ ಕಾಗದ ಹರಡಿದ. ಮಾವ 60ರಲ್ಲಿ 12 ಕಳೆದು ನೋಡಿ, ಮತ್ತೊಮ್ಮೆ ಕಳೆದು ನೋಡಿ, “ಎನ್‌ಎಂಸಿ ಅಪ್ರೂವ್ಡ್ ಅಂದಿದ್ದರಲ್ಲ?” ಎಂದರು. ವಿದೇಶಿ ಕಾಲೇಜುಗಳಿಗೆ ಎನ್‌ಎಂಸಿ ಹಾಗೆ ಮುದ್ರೆ ಒತ್ತುವುದೇ ಇಲ್ಲ. ಷರತ್ತು ಹೇಳುತ್ತದೆ, ಪೂರೈಸುವ ಹೊಣೆ ವಿದ್ಯಾರ್ಥಿಯದು. ವೈದ್ಯಕೀಯ ಕಾಲೇಜುಗಳ ವಿಶ್ವ ಡೈರೆಕ್ಟರಿಯಲ್ಲಿ ಹೆಸರಿದೆ ಎಂದೂ ಏಜೆಂಟ್ ತೋರಿಸಿದ್ದರಂತೆ. ಅದು ಹೆಸರುಗಳ ಪಟ್ಟಿ, ಅಲ್ಲಿರುವುದೇ ಮಾನ್ಯತೆಯಲ್ಲ.

“ಇದನ್ನ ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ?” ಎಂದು ಗದರಿದರು. ಗದರಿಕೆ ಅಷ್ಟಕ್ಕೇ ನಿಂತಿತು. ಹುಡುಗ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದನಂತೆ.

ಆಮೇಲೆ ಹಣದ ಮಾತು. ಅವರು ಐದು ವರ್ಷದ ಶುಲ್ಕವನ್ನು ಕೂಡಿಸಿ ಅದನ್ನೇ ‘ಒಟ್ಟು ಖರ್ಚು’ ಅಂದುಕೊಂಡಿದ್ದರು. ನಾನು ಬೇರೆ ಲೆಕ್ಕ ಹಾಕಿಸಿದೆ: ಕೈಗೆ ನೋಂದಣಿ ಪತ್ರ ಬರುವವರೆಗೆ ಎಷ್ಟು ತಿಂಗಳು? ಓದು 54, ಅಲ್ಲಿನ ಇಂಟರ್ನ್‌ಶಿಪ್ 12, ಹಿಂತಿರುಗಿ ಬಂದು ಇಲ್ಲಿ ಮತ್ತೆ 12. ಅಲ್ಲಿಗೆ 78, ಅಂದರೆ ಆರೂವರೆ ವರ್ಷ, ಅದೂ ಒಂದು ದಿನವೂ ವ್ಯರ್ಥವಾಗದಿದ್ದರೆ. ನಡುವೆ ಎಫ್‌ಎಂಜಿಇ ಇದೆ, ವಿದೇಶದಲ್ಲಿ ವೈದ್ಯಕೀಯ ಓದಿ ಬಂದವರು ಇಲ್ಲಿ ಬರೆಯಬೇಕಾದ ಅರ್ಹತಾ ಪರೀಕ್ಷೆ. 300 ಪ್ರಶ್ನೆ, ತೇರ್ಗಡೆಗೆ 150 ಅಂಕ, ವರ್ಷಕ್ಕೆ ಎರಡು ಸಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೇಳಲು ಸುಲಭ. ಆದರೂ ಇತ್ತೀಚಿನ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಹತ್ತು ಮಂದಿ ಬರೆದರೆ ಪಾಸಾಗುತ್ತಿರುವವರು ಎರಡು ಮೂರು ಮಂದಿ. ಮುಂದೆ ಇದರ ಜಾಗಕ್ಕೆ ‘ನೆಕ್ಸ್ಟ್’ (NExT) ಎಂಬ ಹೆಸರಿನ ಬೇರೆ ಪರೀಕ್ಷೆ ಬರುವ ಏರ್ಪಾಡೂ ಇದೆ. ಎಂಟು ವರ್ಷಕ್ಕೆ ದುಡ್ಡು ಹೊಂದಿಸಿಕೊಳ್ಳಿ, ಇಲ್ಲವಾದರೆ ಹೊರಡಬೇಡಿ ಎಂದು ನೇರವಾಗಿ ಹೇಳಿದೆ. ಶುಲ್ಕ ಡಾಲರಿನಲ್ಲಿ, ಸಾಲ ರೂಪಾಯಿಯಲ್ಲಿ. ರೂಪಾಯಿ ಕುಸಿದರೆ ಕೊರತೆ ಬೀಳುವುದು ಇವರ ಜೇಬಿಗೆ.

ತಾಯಿ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. “ಪಾಸಾಗದಿದ್ರೆ?” ಎಂದರು. ಮಾವ ‘ಅಪಶಕುನ ಆಡಬೇಡ’ ಎನ್ನುವಂತೆ ನೋಡಿದರು. ಆದರೆ ಆ ಕೋಣೆಯಲ್ಲಿ ಕೇಳಲೇಬೇಕಿದ್ದ ಪ್ರಶ್ನೆ ಅದೊಂದೇ. ಎಷ್ಟು ಪ್ರಯತ್ನದವರೆಗೆ ಮನೆ ಅವನ ಬೆನ್ನಿಗೆ ನಿಲ್ಲುತ್ತದೆ, ಆಮೇಲೆ ಯಾವ ದಾರಿ ಎಂಬುದನ್ನು ಹೊರಡುವ ಮೊದಲೇ ಮೂವರೂ ಕೂತು ಬರೆದಿಡಲು ಹೇಳಿದೆ. ಬರೆದರು. ಏನು ಬರೆದರು ಎಂದು ನಾನು ಕೇಳಲಿಲ್ಲ.

ಆ ವರ್ಷ ಹುಡುಗ ಹೋಗಲಿಲ್ಲ. ಮತ್ತೊಂದು ದೇಶದ ಮೂರು ವಿಶ್ವವಿದ್ಯಾಲಯಗಳಿಗೆ ಅದೇ ನಾಲ್ಕು ಪ್ರಶ್ನೆ ಕಳಿಸಿದ. ಒಂದು ಉತ್ತರಿಸಲೇ ಇಲ್ಲ, ಇನ್ನೊಂದು ಬಣ್ಣದ ಕರಪತ್ರ ಕಳಿಸಿತು, ಮೂರನೆಯದು ವರ್ಷವಾರು ಪಠ್ಯಕ್ರಮ, ಬೋಧನಾ ಆಸ್ಪತ್ರೆಯ ಹೆಸರು, ಪರವಾನಗಿ ಕೊಡುವ ಸಂಸ್ಥೆಯ ವಿವರ ಎಲ್ಲವನ್ನೂ ಬರೆದಿತ್ತು. ಶುಲ್ಕ ಮೊದಲಿನದಕ್ಕಿಂತ ಹೆಚ್ಚು, ಕೋರ್ಸ್ ಆರು ವರ್ಷ. ಕೊನೆಯ ವರ್ಷ ನಿಜವಾದ ಇಂಟರ್ನ್‌ಶಿಪ್ಪೋ ಬರೀ ಹೆಸರಿಗೋ ಎಂದು ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನೇ ವಿಚಾರಿಸಲು ಹೇಳಿದೆ. ವಿಚಾರಿಸಿ ಸೇರಿದ.

ಹೊರಡುವ ಮುನ್ನ ಹೇಳಿದ್ದು ಎರಡು. ಪಾಠ ಇಂಗ್ಲಿಷಿನಲ್ಲಿದ್ದರೂ ರೋಗಿ ನರಳುವುದು ತನ್ನ ಭಾಷೆಯಲ್ಲಿ, ಆ ಭಾಷೆಯನ್ನು ಮೊದಲ ದಿನದಿಂದ ಕಲಿ. ಪಾಸ್‌ಪೋರ್ಟಿನ ಪ್ರತಿ ಮುದ್ರೆ, ಹಾಜರಿ, ಅಂಕಪಟ್ಟಿ, ಇಂಟರ್ನ್‌ಶಿಪ್ ದಾಖಲೆಗಳನ್ನು ತಾರೀಖಿನ ಪ್ರಕಾರ ಫೈಲ್ ಮಾಡು. ಕೋವಿಡ್ ಕಾಲದಲ್ಲಿ ಮನೆಯಿಂದ ಆನ್‌ಲೈನ್ ಪಾಠ ಕೇಳಿದವರು ಆಮೇಲೆ ನೋಂದಣಿಗೆ ಎಷ್ಟು ಅಲೆದರು ಎಂಬುದು ಅವನಿಗೂ ಗೊತ್ತಿತ್ತು.

ಹುಡುಗ ಈಗ ಎರಡನೇ ವರ್ಷದಲ್ಲಿದ್ದಾನೆ. ಕಟ್ಟಿದ ಮುಂಗಡದಲ್ಲಿ ಅರ್ಧ ವಾಪಸ್ ಬಂತು. ಉಳಿದರ್ಧಕ್ಕಾಗಿ ಮಾವ ತಿಂಗಳಿಗೊಮ್ಮೆ ಏಜೆಂಟಿಗೆ ಫೋನ್ ಮಾಡುತ್ತಾರೆ, ಅವರು ಎತ್ತುವುದಿಲ್ಲ.