ಚಾರ್ಜ್ ಪಟ್ಟಿಯಲ್ಲಿ ಬರೆಯದೆ ಉಳಿದದ್ದು

ಪ್ರಿಯ ಗುರುಮಾತೆಯವರೇ,

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಹೆಸರು, ಊರು ಬೇಡ ಎಂದಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟು ಹೇಳಿಬಿಡುತ್ತೇನೆ. ಹಾವೇರಿ ಜಿಲ್ಲೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂಬತ್ತು ವರ್ಷ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಪ್ರಧಾನ ಗುರುಗಳು ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲೂಕಿಗೆ ವರ್ಗವಾಗಿ ಹೋದರು. ಹಿರಿತನದ ಮೇಲೆ ಪ್ರಭಾರ ನಿಮ್ಮ ಹೆಗಲಿಗೆ ಬಂತು. ದಸರಾ ರಜೆಯ ಹೊತ್ತಿಗೆ ಕೈತೋಟ ಒಣಗಿತು, ಗ್ರಂಥಾಲಯದ ಕಪಾಟಿಗೆ ಬೀಗ ಬಿತ್ತು, ಏಳನೆಯ ತರಗತಿಯ ಸಂಜೆ ಪಾಠ ನಿಂತಿತು, ಪೋಷಕರೇ ಹೆಚ್ಚಾಗಿರುವ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿಯ ಸಭೆಗೆ ಬಂದವರು ಮೂವರು. ಇದರ ಮೇಲೆ ಬರುವ ಜೂನ್‌ನಿಂದ ಒಂದನೆಯ ತರಗತಿಗೆ ಆಂಗ್ಲ ಮಾಧ್ಯಮದ ವಿಭಾಗವೂ ಬರಲಿದೆ. ಇರುವವರು ಐವರು ಕಾಯಂ ಶಿಕ್ಷಕರು, ಇಬ್ಬರು ಅತಿಥಿ ಶಿಕ್ಷಕಿಯರು. "ಅವರಂತೆ ಆಗಲು ನನ್ನಿಂದ ಸಾಧ್ಯವಿಲ್ಲ. ತರಬೇತಿಗೆ ಹೋದರೆ ತಂಡ, ತಂಡ ಎನ್ನುತ್ತಾರೆ. ರಾತ್ರಿ ಹತ್ತು ಗಂಟೆಗೆ ಮೊಬೈಲ್ ಹಿಡಿದು ಮಾಹಿತಿ ತುಂಬುತ್ತಾ ಕುಳಿತವಳು ನಾನೊಬ್ಬಳೇ" ಎಂದು ಬರೆದಿದ್ದೀರಿ.

ಅವರಂತೆ ಆಗುವುದು ಬೇಡ. ಆ ಪ್ರಧಾನ ಗುರುಗಳನ್ನು ಹಗುರಾಗಿ ಕಂಡು ಇದನ್ನು ಹೇಳುತ್ತಿಲ್ಲ. ಬೆಳಿಗ್ಗೆ ಎಂಟಕ್ಕೇ ಬಂದು ಗಿಡಗಳಿಗೆ ನೀರು ಹಾಕುತ್ತಿದ್ದವರು, ದಾನಿಗಳ ಮನೆ ಬಾಗಿಲಿಗೆ ತಾವೇ ಹೋಗುತ್ತಿದ್ದವರು, ಕಂಪ್ಯೂಟರ್ ಕೆಟ್ಟರೆ ಬೈಕಿನ ಮೇಲೆ ಇಟ್ಟುಕೊಂಡು ರಾಣೇಬೆನ್ನೂರಿಗೆ ಒಯ್ಯುತ್ತಿದ್ದವರು ಎಂದು ನೀವೇ ಬರೆದಿದ್ದೀರಿ. ಅಂಥವರಿಗೆ ಕೈ ಮುಗಿಯಬೇಕು. ಆದರೆ ನಿಮ್ಮ ಪತ್ರದಲ್ಲೇ ಇನ್ನೊಂದು ಸಾಲಿದೆ: "ಗ್ರಂಥಾಲಯದ ಬೀಗದ ಕೈ ಅವರ ಜೇಬಿನಲ್ಲೇ ಇರುತ್ತಿತ್ತು." ಆ ಸಾಲಿನ ಹತ್ತಿರ ನಾನು ಬಹಳ ಹೊತ್ತು ನಿಂತೆ. ಎಲ್ಲವನ್ನೂ ಪ್ರೀತಿಯಿಂದ ತಾನೇ ಮಾಡುವ ಮನುಷ್ಯ ಉಳಿದವರಿಗೆ ಕಲಿಯಲು ಏನನ್ನೂ ಬಿಡುವುದಿಲ್ಲ. ಒಂಬತ್ತು ವರ್ಷ ನೀವೆಲ್ಲ ನೋಡುತ್ತಾ ನಿಂತಿರಿ. ಅದರಲ್ಲಿ ನಿಮ್ಮ ಪಾಲಿನ ತಪ್ಪೂ ಇದೆ, ಬೇಸರಿಸಬೇಡಿ.

ಇದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ನನ್ನ ತಂದೆ ಈಗಿನ ಗದಗ ಜಿಲ್ಲೆಗೆ ಸೇರಿದ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಹೆಡ್ ಮಾಸ್ತರರಾಗಿದ್ದರು. ಹಂಚಿನ ಮಾಡು. ಮುಂಗಾರಿನ ಮೊದಲ ಮಳೆಗೆ ಆಫೀಸು ಕೋಣೆಯ ಒಂದು ಮೂಲೆ ಸೋರುತ್ತಿತ್ತು. ಮೇ ತಿಂಗಳ ಕೊನೆಗೆ ತಂದೆಯವರು ಅಲ್ಲಿದ್ದ ಟ್ರಂಕನ್ನು ಎಳೆದು ಎದುರಿನ ಗೋಡೆಗೆ ಇಡುತ್ತಿದ್ದರು. ಅದು ಅವರಿಗೆ ಉಸಿರಾಡಿದಷ್ಟು ಸಹಜವಾಗಿತ್ತು, ಯಾರಿಗೂ ಹೇಳಬೇಕೆಂದು ತೋಚಲಿಲ್ಲ. ಅವರು ವರ್ಗವಾದ ವರ್ಷ ಟ್ರಂಕು ಅಲ್ಲೇ ಉಳಿಯಿತು. ಅದರೊಳಗಿದ್ದ ಜನರಲ್ ರಜಿಸ್ಟರಿನ ಎಷ್ಟೋ ಪುಟಗಳು ಮುದ್ದೆಯಾದವು. ಮುಂದೆ ಹಲವು ವರ್ಷ ಜನ್ಮ ದಿನಾಂಕದ ದಾಖಲೆ ಕೇಳಿ ಆ ಶಾಲೆಗೆ ಬಂದವರು ಬರಿಗೈಯಲ್ಲಿ ಮರಳಿದರು. ತಂದೆಯವರಿಗೆ ಈ ಸುದ್ದಿ ತಿಳಿದಾಗ ಅವರು ಆ ದಿನ ಊಟ ಮಾಡಲಿಲ್ಲ. ಶಾಲೆಯ ಹೊಣೆ ಬಿಟ್ಟುಕೊಡುವಾಗ ಅವರು ಕೊಟ್ಟ ಚಾರ್ಜ್ ಪಟ್ಟಿಯಲ್ಲಿ ಟ್ರಂಕು ಇತ್ತು. ಸೋರುವ ಮೂಲೆ ಇರಲಿಲ್ಲ.

ಚಾರ್ಜ್ ಪಟ್ಟಿಯ ಸ್ವಭಾವವೇ ಅದು. ಕ್ಯಾಶ್ ಬುಕ್, ಚೆಕ್ ಪುಸ್ತಕ, ಅಕ್ಕಿ ಬೇಳೆಯ ದಾಸ್ತಾನು, ಡೆಡ್ ಸ್ಟಾಕ್ ರಿಜಿಸ್ಟರಿನ ಬೆಂಚು, ಕಪಾಟು, ಗೋಡೆ ಗಡಿಯಾರ ಎಲ್ಲವೂ ಬರುತ್ತವೆ, ಎರಡು ಸಹಿ ಬೀಳುತ್ತವೆ. ಐದನೆಯ ತರಗತಿಯ ಯಾವ ಹುಡುಗ ಅಜ್ಜಿಯ ಮನೆಯಲ್ಲಿದ್ದಾನೆ, ಯಾವ ಹುಡುಗಿಗೆ ಹಲಗೆಯ ಅಕ್ಷರ ಕಾಣುವುದಿಲ್ಲ, ಬೋರ್‌ವೆಲ್ ಕೈಕೊಟ್ಟರೆ ಯಾರ ಹೊಲದಿಂದ ನೀರು ಬಿಡಿಸಿಕೊಳ್ಳಬಹುದು ಎಂಬುದಕ್ಕೆ ಕಾಲಂ ಇಲ್ಲ.

ಇದು ನಮ್ಮ ಕಡೆಯ ಕಷ್ಟ ಮಾತ್ರ ಎಂದು ತಿಳಿಯಬೇಡಿ. ಶಿಕ್ಷಣ ಸಂಶೋಧಕ ಆಂಡಿ ಹಾರ್ಗ್ರೀವ್ಸ್ ಮತ್ತು ಅವರ ಜೊತೆಗಾರರು ಕೆನಡಾ ಹಾಗೂ ಅಮೆರಿಕದ ಎಂಟು ಪ್ರೌಢಶಾಲೆಗಳ ಮೂವತ್ತು ವರ್ಷಗಳ ಕಥೆಯನ್ನು ಇನ್ನೂರಕ್ಕೂ ಹೆಚ್ಚು ಶಿಕ್ಷಕರು ಮತ್ತು ಆಡಳಿತಗಾರರ ಬಾಯಿಂದ ಕೇಳಿ ಅಭ್ಯಾಸ ಮಾಡಿದರು. ಶಾಲೆಯ ಬದುಕನ್ನು ಅಲುಗಾಡಿಸುವ ದೊಡ್ಡ ಘಟನೆಗಳಲ್ಲಿ ಮುಖ್ಯಸ್ಥರ ಬದಲಾವಣೆ ಒಂದು, ಆದರೆ ಅದಕ್ಕೆ ಮೊದಲೇ ಸಿದ್ಧವಾದ ಶಾಲೆ ಅಪರೂಪ ಎಂದು ಅವರಿಗೆ ಕಂಡಿತು. ಬಾಳುವ ನಾಯಕತ್ವ ಎಂದು ಅವರು ಕರೆದದ್ದು, ಒಬ್ಬರು ಹೋದ ಮೇಲೂ ಹಲವರ ಕೈಯಲ್ಲಿ ಉಳಿಯುವಂಥದ್ದನ್ನು.

ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮ ನನಗೆ ನೆನಪಾಗುತ್ತದೆ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಅಂಧ ಮಕ್ಕಳ ಆ ಸಂಗೀತ ಶಾಲೆ ಚದುರಿಹೋಗಬಹುದಿತ್ತು. ಹೋಗಲಿಲ್ಲ. ಗುರುವಿನ ಜೊತೆಗೇ ಬೆಳೆದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಕಣ್ಣು ಮುಚ್ಚುವವರೆಗೂ ಅದನ್ನು ನಡೆಸಿದರು. ಮುಂದೆ ಹೊಣೆ ಹೊರುವವರು ಒಳಗೇ ಇದ್ದರು. ಸರಕಾರಿ ಶಾಲೆಗೆ ಆ ಭಾಗ್ಯವಿಲ್ಲ, ಕೌನ್ಸೆಲಿಂಗ್ ಯಾರನ್ನು ಎಲ್ಲಿಂದ ತಂದು ಕೂರಿಸುತ್ತದೆಯೋ ಯಾರಿಗೂ ಗೊತ್ತಿಲ್ಲ.

ಹಾಗಾದರೆ ನಿಮ್ಮ ಶಾಲೆಯ ಒಳಗಿನವರು ಯಾರು? ನಿಮ್ಮ ಪತ್ರವನ್ನು ಎರಡನೆಯ ಸಲ ಓದುವಾಗ ನನಗೆ ಹೊಳೆದದ್ದು ಇದು. ಕಾಯಂ ಎನಿಸಿಕೊಂಡ ನೀವು ಐವರೂ ಒಂದಲ್ಲ ಒಂದು ದಿನ ವರ್ಗವಾಗಿ ಹೋಗುವವರು. ಅತಿಥಿ ಶಿಕ್ಷಕಿಯರು ಇಬ್ಬರೂ ಅದೇ ಊರಿನ ಸೊಸೆಯಂದಿರು. ಅಕ್ಷರ ದಾಸೋಹದ ಅಡುಗೆಯ ಮೂವರು ತಾಯಂದಿರು ಶಾಲೆಯ ಹಿಂದಿನ ಓಣಿಯವರು. ಎಸ್‌ಡಿಎಂಸಿಯ ಪೋಷಕರ ಹೊಲ ಮನೆ ಅಲ್ಲೇ. ಕಾಗದದ ಮೇಲೆ ತಾತ್ಕಾಲಿಕ ಎನಿಸಿಕೊಂಡವರೇ ನಿಜವಾಗಿ ಉಳಿಯುವವರು. ಆದರೆ ನಿಮ್ಮ ಶಾಲೆಯಲ್ಲಿ, ಇನ್ನೂ ಎಷ್ಟೋ ಶಾಲೆಗಳಲ್ಲಿ, ಸಭೆಯ ಕುರ್ಚಿ ಇರುವುದು ಹೋಗುವವರಿಗೆ ಮಾತ್ರ. "ಅತಿಥಿ ಶಿಕ್ಷಕಿಯರು ಶನಿವಾರದ ಸಭೆಗೆ ಇರುವುದಿಲ್ಲ, ಆ ಹೊತ್ತಿನಲ್ಲಿ ತರಗತಿ ನೋಡಿಕೊಳ್ಳುತ್ತಾರೆ" ಎಂದು ನೀವು ಸಹಜವಾಗಿ ಬರೆದ ಸಾಲು ನನಗೆ ನೋವು ತಂದಿತು. ಆ ಸಭೆಯನ್ನು ಮಕ್ಕಳು ಮನೆಗೆ ಹೋದ ಮೇಲೆ ಅರ್ಧ ಗಂಟೆ ಇಟ್ಟುಕೊಳ್ಳಿ. ಆ ಇಬ್ಬರೂ ಇರಲಿ, ಹಿರಿಯ ಅಡುಗೆಯವರೂ ಇರಲಿ. ವಾರಕ್ಕೆ ಆರು ದಿನ ಮೊಟ್ಟೆ ಬೇಯಿಸಿ ಸುಲಿದು ಬಡಿಸುವವರಿಗೆ ಯಾವ ಮಗು ಏಕೆ ತಿನ್ನಲಿಲ್ಲ ಎಂಬುದು ನಿಮಗಿಂತ ಮೊದಲು ಗೊತ್ತಿರುತ್ತದೆ.

ಎಸ್‌ಡಿಎಂಸಿಯ ವಿಷಯ ಇನ್ನೊಂದು. ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಹೇಳುತ್ತದೆ. ಸಹಿ ಹಾಕಲು ಕರೆದರೆ ಮೂವರು ಬರುತ್ತಾರೆ. "ಕೈತೋಟದ ನೀರಿನ ಪಾಳಿ ನಿಮ್ಮದು, ಬೀಗದ ಕೈ ಇಗೋ" ಎಂದು ಕರೆದು ನೋಡಿ. ಕೆಲಸ ಹಂಚುವಾಗ ಅದರ ಅಧಿಕಾರವನ್ನೂ ಹಂಚಬೇಕು. ಗ್ರಂಥಾಲಯ ನೋಡಿಕೊಳ್ಳುವವರು ಯಾವ ಪುಸ್ತಕ ಮನೆಗೆ ಹೋಗಬಹುದು ಎಂದು ನಿಮ್ಮನ್ನು ಕೇಳದೆ ತೀರ್ಮಾನಿಸುವಂತಿರಬೇಕು. ಒಂದೆರಡು ಪುಸ್ತಕ ಕಳೆದುಹೋದಾವು, ಹೋಗಲಿ.

ಇದು ನಿಮ್ಮಿಂದ ಆಗದ ಕೆಲಸವೇನಲ್ಲ, ಒಮ್ಮೆ ಮಾಡಿದ್ದೀರಿ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ನಡೆದಾಗ ಓಣಿಗಳನ್ನು ಹಂಚಿಕೊಂಡು, ದುರ್ಗಮ್ಮನ ಗುಡಿಯ ಕಟ್ಟೆ ನಿಮಗೆ, ಸಮುದಾಯ ಭವನ ಇನ್ನೊಬ್ಬರಿಗೆ ಎಂದು ಪಾಠ ಮಾಡಿದ್ದನ್ನು ಬರೆದಿದ್ದೀರಿ. ಆಗ ಪ್ರಧಾನ ಗುರುಗಳು ಏಕಕಾಲಕ್ಕೆ ಐದು ಕಟ್ಟೆಗಳಲ್ಲಿ ಇರಲು ಸಾಧ್ಯವಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಕಟ್ಟೆಗೆ ತಾವೇ ಮುಖ್ಯಸ್ಥರಾದರು. "ಆ ದಿನಗಳಲ್ಲಿ ಭಯವಿತ್ತು, ಆದರೆ ಒಬ್ಬಂಟಿತನ ಇರಲಿಲ್ಲ" ಎಂಬ ನಿಮ್ಮ ಮಾತನ್ನು ನಾನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಆಂಗ್ಲ ಮಾಧ್ಯಮದ ವಿಭಾಗ ಬೇಕೋ ಬೇಡವೋ ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಶುರುವಾದಾಗಿನಿಂದ ನಮ್ಮ ಪುಟಗಳಲ್ಲಿ ಅದು ನಡೆದೇ ಇದೆ. ನಿಮಗೆ ಬಂದಿದೆ, ನಡೆಸಬೇಕು. ನನ್ನ ಕಳವಳ ಬೇರೆ. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆ ವಿಭಾಗವನ್ನು ಇಡಿಯಾಗಿ ಕಿರಿಯ ಅತಿಥಿ ಶಿಕ್ಷಕಿಯ ತಲೆಗೆ ಕಟ್ಟಲು ಸಿದ್ಧತೆ ನಡೆದಿದೆ. ಆಕೆಯ ನೇಮಕಾತಿ ವರ್ಷ ವರ್ಷದ್ದು, ಗೌರವಧನ ಅಲ್ಪ. ಒಂದು ವರ್ಷ ಆಕೆ ಬರದಿದ್ದರೆ ವಿಭಾಗವೇ ಕುಸಿಯುತ್ತದೆ. ಚಿಕ್ಕ ತರಗತಿಗಳಿಗೆ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿ ಹೇಗೆ ಹುಟ್ಟಿತು ನೆನಪಿಸಿಕೊಳ್ಳಿ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ಕಂಡು ಬಂದು, ಒಟ್ಟಿಗೆ ಕುಳಿತು ಕಾರ್ಡುಗಳನ್ನು ತಾವೇ ಮಾಡಿದರು. ನಿಮ್ಮ ಹಿರಿಯ ಶಿಕ್ಷಕರಿಗೆ ಮಕ್ಕಳು ಗೊತ್ತು, ಆಕೆಗೆ ಭಾಷೆ ಗೊತ್ತು. ಒಂದೇ ಕೋಣೆಯಲ್ಲಿ ಇಬ್ಬರನ್ನೂ ದಿನಕ್ಕೆ ಒಂದು ಅವಧಿಯಾದರೂ ಕೂಡಿಸಿ.

ಹೊಸದು ಬಂದಾಗ ಏನನ್ನು ಕೈಬಿಡಬಹುದು ಎಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ. ಅದನ್ನು ನೀವೇ ಹೇಳಬೇಕಾಗುತ್ತದೆ. ಈ ವರ್ಷ ವಾರ್ಷಿಕೋತ್ಸವದ ಪೆಂಡಾಲು ಬೇಡ, ಮಕ್ಕಳು ಅಂಗಳದಲ್ಲೇ ಹಾಡಲಿ. ರಾತ್ರಿ ಹತ್ತರ ಎಸ್‌ಎಟಿಎಸ್ ಕೆಲಸವನ್ನು, ಅಂದರೆ ಮಕ್ಕಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬುವುದನ್ನು, ಇಬ್ಬರು ಕಿರಿಯ ಶಿಕ್ಷಕರಿಗೆ ಕಲಿಸಿ, ಶಾಲೆಯ ಅವಧಿಯಲ್ಲೇ ವಾರದ ಪಾಳಿಯಲ್ಲಿ ಮುಗಿಸಿ. ನಿಮ್ಮ ನಿದ್ದೆಯೂ ಶಾಲೆಯ ಆಸ್ತಿ, ಅದನ್ನು ಉಳಿಸಿಕೊಳ್ಳಿ.

ಹಳೆಯ ಪ್ರಧಾನ ಗುರುಗಳಿಗೆ ವಾರಕ್ಕೆ ಮೂರು ಸಲ ಫೋನ್ ಮಾಡುತ್ತೇನೆ ಎಂದಿದ್ದೀರಿ. ಅದನ್ನು ನಿಲ್ಲಿಸಿ, ಬದಲಿಗೆ ಒಂದು ಭಾನುವಾರ ಅವರನ್ನು ಶಾಲೆಗೇ ಕರೆಯಿರಿ. ಏಳೂ ಜನ, ಅಡುಗೆಯವರು, ಬರುವಷ್ಟು ಪೋಷಕರು ಸುತ್ತ ಕೂಡಲಿ. ಇನ್ನೂರು ಪುಟದ ಒಂದು ನೋಟುಪುಸ್ತಕ ತನ್ನಿ. ಅವರು ಹೇಳುತ್ತಾ ಹೋಗಲಿ, ಸರದಿಯಂತೆ ಬೇರೆ ಬೇರೆಯವರು ಬರೆಯಲಿ. ದಾನಿಗಳು, ನೀರು, ಸೋರುವ ಮೂಲೆ, ಮಕ್ಕಳ ಮನೆಗಳು ಎಲ್ಲವೂ ಆ ಎರಡನೆಯ ಚಾರ್ಜ್ ಪಟ್ಟಿಯಲ್ಲಿ ಬರಲಿ. ಅವರು ಮರೆತದ್ದನ್ನು ಊರವರು ಸೇರಿಸುತ್ತಾರೆ. ಪುಸ್ತಕ ಅತಿಥಿ ಶಿಕ್ಷಕಿಯರ ಬಳಿ ಇರಲಿ.

ಆದಷ್ಟು ಬೇಗ ಮಾಡಿ. ಡಿಸೆಂಬರ್ ಬಂತೆಂದರೆ ನಿಮ್ಮ ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸ ಶುರುವಾಗುತ್ತದೆ, ತಾಯಂದಿರ ಬೆನ್ನಿಗೆ ಮಕ್ಕಳೂ ಹೊಲಕ್ಕೆ ನಡೆಯುತ್ತಾರೆ. ಹೋದ ವರ್ಷ ಯಾವ ಮನೆಗಳಿಗೆ ಹೋಗಿ ಕರೆತಂದಿದ್ದರು ಎಂಬುದು ಆ ಗುರುಗಳಿಗೆ ಗೊತ್ತಿದೆ. ಈ ವರ್ಷ ಯಾರು ಹೋಗಲಿದ್ದಾರೆ ಎಂಬುದು ಅಡುಗೆಯ ತಾಯಂದಿರಿಗೆ ಈಗಾಗಲೇ ಗೊತ್ತಿರಬಹುದು. ಸೋಮವಾರ ಊಟದ ಹೊತ್ತಿನಲ್ಲಿ ಕೇಳಿ ನೋಡಿ.

ನಿಮ್ಮವ,
ಸಂಪಾದಕ
ಧಾರವಾಡ