ಫಾಸ್ಟ್, ಕ್ವಿಕ್ ಮತ್ತು ನಮ್ಮ ‘ಬೇಗ’

ಪ್ರಶ್ನೆ: ನಿಘಂಟಿನಲ್ಲಿ ಫಾಸ್ಟ್, ಕ್ವಿಕ್, ರ‍್ಯಾಪಿಡ್, ಸ್ವಿಫ್ಟ್ ಎಲ್ಲಕ್ಕೂ ‘ವೇಗದ, ಶೀಘ್ರ’ ಎಂದೇ ಅರ್ಥ ಇದೆ. ಹಾಗಿದ್ದರೂ ನಾನು ‘ಎ ಫಾಸ್ಟ್ ಲುಕ್’ ಎಂದು ಬರೆದದ್ದನ್ನು ತಪ್ಪೆಂದು ತಿದ್ದಿದ್ದಾರೆ. ಯಾಕೆ?

ಉತ್ತರ: ತಿದ್ದಿದ್ದು ಸರಿಯಾಗಿದೆ. ‘ವೇಗ’, ‘ಬೇಗ’ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬೇಗ ಎಂಬುದು ವೇಗದ ತದ್ಭವವೇ, ಆದರೂ ಬಳಕೆಯಲ್ಲಿ ಎರಡರ ದಾರಿ ಬೇರೆ. ರೈಲು ವೇಗವಾಗಿ ಓಡುತ್ತದೆ. ಕೆಲಸ ಬೇಗ ಮುಗಿಯುತ್ತದೆ. ಫಾಸ್ಟ್ ಹೆಚ್ಚಾಗಿ ಗತಿಯನ್ನು ಹೇಳುವ ಪದ: ಫಾಸ್ಟ್ ಕಾರ್, ಫಾಸ್ಟ್ ರನ್ನರ್. ಕ್ವಿಕ್ ಹೇಳುವುದು ಹಿಡಿಯುವ ಹೊತ್ತನ್ನು: ಕ್ವಿಕ್ ಲುಕ್, ಕ್ವಿಕ್ ರಿಪ್ಲೈ, ಕ್ವಿಕ್ ಕ್ವೆಶ್ಚನ್. ಕಣ್ಣು ಹಾಯಿಸಿದ್ದಕ್ಕೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕ ಇಲ್ಲವಲ್ಲ!

ಈ ಗೆರೆ ಕಲ್ಲಿನ ಗೋಡೆಯೇನಲ್ಲ. ಫಾಸ್ಟ್ ಲರ್ನರ್, ಕ್ವಿಕ್ ಲರ್ನರ್ ಎರಡೂ ನಡೆಯುತ್ತವೆ. ಫಾಸ್ಟ್ ಫುಡ್ಡಿಗೆ ಲೆಕ್ಕಪ್ರಕಾರ ಕ್ವಿಕ್ ಬರಬೇಕಿತ್ತು, ಬರಲಿಲ್ಲ; ಹಾಗೇ ಬಾಯಿಪಾಠ ಮಾಡಿಕೊಳ್ಳಿ. ಗಡಿಯಾರ ಐದು ನಿಮಿಷ ಮುಂದಿದ್ದರೆ ಅದು ‘ಫೈವ್ ಮಿನಿಟ್ಸ್ ಫಾಸ್ಟ್’. ಅಲ್ಲಿ ಕ್ವಿಕ್ ಸಲ್ಲದು.

ಉಳಿದವುಗಳಿಗೆ ಅವುಗಳದೇ ಜೊತೆಗಾರರಿದ್ದಾರೆ. ಏರಿಕೆ, ಬದಲಾವಣೆ, ನಾಡಿಬಡಿತಗಳಿಗೆ ರ‍್ಯಾಪಿಡ್: ರ‍್ಯಾಪಿಡ್ ಗ್ರೋತ್, ರ‍್ಯಾಪಿಡ್ ಪಲ್ಸ್. ‘ರ‍್ಯಾಪಿಡ್ ಕಾರ್’ ಎಂದರೆ ಕಿವಿಗೆ ಒಗ್ಗದು. ಸ್ವಿಫ್ಟ್ ಸ್ವಲ್ಪ ಬರಹದ ಭಾಷೆಯದು, ಸುದ್ದಿಯಲ್ಲಿ ‘ಸ್ವಿಫ್ಟ್ ಆ್ಯಕ್ಷನ್’ ಎಂದು ಕಾಣುತ್ತದೆ. ಗುಣಮುಖರಾಗಲಿ ಎಂದು ಹಾರೈಸಲು ಸ್ಪೀಡಿ ರಿಕವರಿ, ನಡಿಗೆಗೆ ಬ್ರಿಸ್ಕ್ ವಾಕ್, ತಡಮಾಡದೆ ಕೊಟ್ಟ ಹಣಕ್ಕೆ ಪ್ರಾಂಪ್ಟ್ ಪೇಮೆಂಟ್. ಹೇಸ್ಟಿ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕ್ವಿಕ್ ಡಿಸಿಷನ್ ಎಂದರೆ ಮೆಚ್ಚುಗೆಯೂ ಆಗಬಹುದು. ಹೇಸ್ಟಿ ಡಿಸಿಷನ್ ಎಂದರೆ ದುಡುಕಿನ ನಿರ್ಧಾರ, ಅಂದರೆ ಆಕ್ಷೇಪವೇ.

ಪ್ರಶ್ನೆ: ‘ಶಿ ರನ್ಸ್ ಫಾಸ್ಟ್‌ಲಿ’ ಸರಿಯೆ? ಕ್ವಿಕ್‌ಲಿ ಇದೆಯಲ್ಲ?

ಉತ್ತರ: ತಪ್ಪು. ಇಂದಿನ ಇಂಗ್ಲಿಷಿನ ಬಳಕೆಯಲ್ಲಿ ಫಾಸ್ಟ್‌ಲಿ ಇಲ್ಲ. ಫಾಸ್ಟ್ ನಾಮವಿಶೇಷಣವೂ ಹೌದು, ಕ್ರಿಯಾವಿಶೇಷಣವೂ ಹೌದು: ‘ಎ ಫಾಸ್ಟ್ ರನ್ನರ್’, ‘ಶಿ ರನ್ಸ್ ಫಾಸ್ಟ್’. ಹಾರ್ಡ್, ಲೇಟ್ ಕೂಡ ಇದೇ ಜಾತಿ. ಅವಕ್ಕೆ ಲಿ ಸೇರಿಸಿದರೆ ಅರ್ಥವೇ ತಿರುಗುತ್ತದೆ: ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿಯುತ್ತಾನೆ, ‘ಹಿ ಹಾರ್ಡ್‌ಲಿ ವರ್ಕ್ಸ್’ ಎಂದರೆ ದುಡಿಯುವುದೇ ಅಪರೂಪ. ಹೋಲಿಕೆಯಲ್ಲಿ ಫಾಸ್ಟರ್ ಸಾಕು; ಅದರ ಹಿಂದೆ ಮೋರ್ ಅಂಟಿಸಬೇಡಿ. ರ‍್ಯಾಪಿಡ್‌ಗೆ ಮಾತ್ರ ‘ಮೋರ್ ರ‍್ಯಾಪಿಡ್’ ಬೇಕು.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಎಡವಿಸುವುದು ನಮ್ಮ ‘ಬೇಗ’ವೇ. ‘ಬೆಳಿಗ್ಗೆ ಬೇಗ ಎದ್ದೆ’ ಎಂಬಲ್ಲಿ ಅದು ಅರ್ಲಿ; ‘ಗೆಟ್ ಅಪ್ ಫಾಸ್ಟ್’ ಎಂದರೆ ಥಟ್ಟನೆ ಮೇಲೇಳು ಎಂದಾಗುತ್ತದೆ. ‘ಬೇಗ ಹುಷಾರಾಗಿ’ ಎಂಬಲ್ಲಿ ಸೂನ್. ‘ಬೇಗ ಬೇಗ ಬರೆ’ ಎಂಬಲ್ಲಿ ಮಾತ್ರ ಕ್ವಿಕ್‌ಲಿ ಅಥವಾ ಫಾಸ್ಟ್. ಬರೆಯುವ ಮೊದಲು ಕೇಳಿಕೊಳ್ಳಿ: ನಿಗದಿಗಿಂತ ಮುಂಚೆಯೇ? ಇನ್ನು ಸ್ವಲ್ಪ ಹೊತ್ತಿನಲ್ಲೇ? ಮಾಡುವ ಚುರುಕೆ?

ಪ್ರಶ್ನೆ: ‘ಫಾಸ್ಟ್ ಅಸ್ಲೀಪ್’ ಎನ್ನುತ್ತಾರೆ. ನಿದ್ದೆಯಲ್ಲಿ ಯಾವ ವೇಗ?

ಉತ್ತರ: ವೇಗವಿಲ್ಲ. ಫಾಸ್ಟ್‌ನ ಹಳೆಯ ಅರ್ಥ ‘ಬಿಗಿಯಾದ, ಗಟ್ಟಿಯಾದ’. ಗಾಢನಿದ್ದೆಯಲ್ಲಿ, ಬಟ್ಟೆ ಒಗೆದರೂ ಬಿಡದ ‘ಫಾಸ್ಟ್ ಕಲರ್’ನಲ್ಲಿ, ಗಟ್ಟಿಯಾಗಿ ಹಿಡಿ ಎನ್ನುವ ‘ಹೋಲ್ಡ್ ಫಾಸ್ಟ್’ನಲ್ಲಿ ಅದು ಉಳಿದುಕೊಂಡಿದೆ. ಉಪವಾಸದ ಫಾಸ್ಟ್ ಕೂಡ ಅದೇ ಬೇರಿನದು, ಮನಸ್ಸನ್ನು ಬಿಗಿಹಿಡಿಯುವುದು. ಕ್ವಿಕ್‌ನ ಮೂಲಾರ್ಥವಂತೂ ‘ಜೀವಂತ’. 1611ರ ಇಂಗ್ಲಿಷ್ ಬೈಬಲಿನ ‘ದ ಕ್ವಿಕ್ ಆ್ಯಂಡ್ ದ ಡೆಡ್’ ಎಂದರೆ ಬದುಕಿರುವವರೂ ಸತ್ತವರೂ. ಜೀವವಿದ್ದಂತೆ ಓಡಾಡುವ ಪಾದರಸಕ್ಕೆ ಕ್ವಿಕ್‌ಸಿಲ್ವರ್ ಎಂಬ ಹೆಸರು ಬಂದದ್ದೂ, ಉಗುರಿನಡಿಯ ನೋವು ತಿಳಿಯುವ ಎಳೆ ಮಾಂಸವನ್ನು ಇಂದಿಗೂ ‘ಕ್ವಿಕ್’ ಎನ್ನುವುದೂ ಅದರಿಂದಲೇ.